ಪೊಲೀಸ್ ಠಾಣೆಗೆ ದೂರು ಕೊಡುವ ಕ್ರಮ: ತಾಲ್ಲೂಕು ಪಟ್ಟಣದ ನಿವಾಸಿಗಳಿಗೆ ಸಮಗ್ರ ಮಾರ್ಗದರ್ಶಿ

ತಾಲ್ಲೂಕು ಪಟ್ಟಣದ ಠಾಣೆಗೆ ದೂರು ಕೊಟ್ಟು ಬಂದವರಲ್ಲಿ ಅನೇಕರು ತಿಂಗಳು ಕಳೆದ ಮೇಲೆ ಕೇಳುವುದು ಒಂದೇ ಪ್ರಶ್ನೆ: "ಅಂದು ದೂರು ಕೊಟ್ಟಿದ್ದೆ, ಅದು ಏನಾಯಿತು?" ದೂರಿನ ಪ್ರತಿ ಎಲ್ಲಿದೆ, ಅಪರಾಧ ಸಂಖ್ಯೆ ಎಷ್ಟು, ಯಾವ ದಿನ ಸ್ವೀಕರಿಸಿದರು ಎಂದು ವಿಚಾರಿಸಿದರೆ ಅವರ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ. ಬರೆದುಕೊಟ್ಟ ಹಾಳೆ ಯಾರ ಮೇಜಿನ ಮೇಲೆ ಉಳಿಯಿತು ಎಂಬುದು ಅವರಿಗೂ ತಿಳಿಯದು, ಎರಡನೆಯ ಸಲ ಹೋದಾಗ ಠಾಣೆಯಲ್ಲಿ ಸಿಗುವ ಹೊಸ ಸಿಬ್ಬಂದಿಗೂ ತಿಳಿಯದು. ಈ ಸೋಲಿಗೆ ಪೊಲೀಸರ ಉದಾಸೀನ ಕೆಲವೊಮ್ಮೆ ಕಾರಣ. ಆದರೆ ಬಹಳಷ್ಟು ಸಲ ದೂರುದಾರರು ಹೆಜ್ಜೆಗಳನ್ನು ಹಿಂದುಮುಂದು ಮಾಡಿಕೊಂಡದ್ದೇ ಕಾರಣವಾಗಿರುತ್ತದೆ.

ಆದ್ದರಿಂದ ಈ ಮಾರ್ಗದರ್ಶಿಯನ್ನು ಹೆಜ್ಜೆಗಳ ಅನುಕ್ರಮದಲ್ಲಿಯೇ ಓದಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಮತ್ತು ಭಾರತೀಯ ನ್ಯಾಯ ಸಂಹಿತೆಗಳ ಪ್ರಕಾರ ಇಲ್ಲಿನ ವಿವರಗಳನ್ನು ಕೊಡಲಾಗಿದೆ. ಹಳೆಯ ಸಿಆರ್‌ಪಿಸಿ ಮತ್ತು ಐಪಿಸಿ ಕಲಂ ಸಂಖ್ಯೆಗಳನ್ನು ಇನ್ನೂ ಬಳಸುವವರ ಮಾತು ಕೇಳಿ ಗೊಂದಲಕ್ಕೆ ಒಳಗಾಗಬೇಡಿ.

ಹಂತ 1: ಕಾಯಬಾರದ ಸಂದರ್ಭಗಳನ್ನು ಮೊದಲು ಬೇರ್ಪಡಿಸಿ

ದೂರು ಬರೆಯುತ್ತಾ ಕೂರಬಾರದ ಮೂರು ಸಂದರ್ಭಗಳಿವೆ. ಹಲ್ಲೆ, ಕಳ್ಳತನ ಅಥವಾ ಅಪಘಾತ ಆಗುತ್ತಿರುವಾಗಲೇ ಅಥವಾ ಆದ ಕೂಡಲೇ 112ಕ್ಕೆ ಕರೆ ಮಾಡಬೇಕು. ಠಾಣೆಯ ಸ್ಥಿರ ದೂರವಾಣಿಗೋ ಪರಿಚಯದ ಕಾನ್‌ಸ್ಟೆಬಲ್ ಮೊಬೈಲಿಗೋ ಪ್ರಯತ್ನಿಸುತ್ತಾ ಸಮಯ ಕಳೆಯಬಾರದು. 112ರ ಕರೆ ದಾಖಲಾಗುತ್ತದೆ, ಅದರ ಸಮಯ ಮುಂದೆ ನಿಮ್ಮ ದೂರಿಗೆ ಆಧಾರವಾಗುತ್ತದೆ. ಆನ್‌ಲೈನ್ ವಂಚನೆಯಲ್ಲಿ ಹಣ ಹೋಗಿದ್ದರೆ ಮೊದಲ ಕರೆ 1930ಕ್ಕೆ ಹೋಗಬೇಕು, ಅದರ ವಿವರ ಮುಂದೆ ಇದೆ.

ಮೂರನೆಯದು ಮನುಷ್ಯರು ಕಾಣೆಯಾದಾಗ. "24 ಗಂಟೆ ಆಗಲಿ, ಆಮೇಲೆ ಬನ್ನಿ" ಎಂಬ ನಿಯಮ ಯಾವ ಕಾನೂನಿನಲ್ಲಿಯೂ ಇಲ್ಲ. ಅದರಲ್ಲೂ 18 ವರ್ಷದೊಳಗಿನ ಮಗು ಕಾಣೆಯಾದರೆ ಕೂಡಲೇ ಎಫ್‌ಐಆರ್ (ಪ್ರಥಮ ವರ್ತಮಾನ ವರದಿ) ದಾಖಲಿಸಿ ಅಪಹರಣ ಎಂದೇ ಭಾವಿಸಿ ತನಿಖೆ ನಡೆಸಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲಿ ನಿರ್ದೇಶಿಸಿದೆ. ನೆಂಟರ ಮನೆಗಳಲ್ಲಿ ಹುಡುಕುವ ಕೆಲಸ ಒಬ್ಬರು ಮಾಡಲಿ, ಇನ್ನೊಬ್ಬರು ಇತ್ತೀಚಿನ ಫೋಟೊ, ತೊಟ್ಟಿದ್ದ ಬಟ್ಟೆಯ ವಿವರ ಮತ್ತು ಮೊಬೈಲ್ ಸಂಖ್ಯೆಯೊಂದಿಗೆ ಅದೇ ಹೊತ್ತಿನಲ್ಲಿ ಠಾಣೆಗೆ ಹೋಗಲಿ.

ಹಂತ 2: ಇದು ಪೊಲೀಸರು ತನಿಖೆ ಮಾಡಬಹುದಾದ ವಿಷಯವೇ ಎಂದು ನೋಡಿ

ಕಾನೂನು ಅಪರಾಧಗಳನ್ನು ಸಂಜ್ಞೇಯ ಮತ್ತು ಅಸಂಜ್ಞೇಯ ಎಂದು ವಿಂಗಡಿಸುತ್ತದೆ. ಮನೆಗಳ್ಳತನ, ದರೋಡೆ, ಮೂಳೆ ಮುರಿಯುವಂತಹ ತೀವ್ರ ಗಾಯ, ವಂಚನೆ, ಲೈಂಗಿಕ ದೌರ್ಜನ್ಯ ಇವೆಲ್ಲ ಸಂಜ್ಞೇಯ. ಇವುಗಳಲ್ಲಿ ಠಾಣೆ ತಾನಾಗಿಯೇ ಎಫ್‌ಐಆರ್ ದಾಖಲಿಸಿ ತನಿಖೆ ಆರಂಭಿಸಬಹುದು. ಬೈಗುಳ, ಸಾಧಾರಣ ಬೆದರಿಕೆ, ರಕ್ತ ಬಾರದಂತಹ ಸಣ್ಣ ಹೊಡೆದಾಟ ಸಾಮಾನ್ಯವಾಗಿ ಅಸಂಜ್ಞೇಯ. ಇವುಗಳನ್ನು ಠಾಣೆಯ ಎನ್‌ಸಿಆರ್ (ಅಸಂಜ್ಞೇಯ ಅಪರಾಧಗಳ ದಾಖಲೆ) ಪುಸ್ತಕದಲ್ಲಿ ನಮೂದಿಸಿಕೊಂಡು ದೂರುದಾರರನ್ನು ಮ್ಯಾಜಿಸ್ಟ್ರೇಟರ ಬಳಿಗೆ ಕಳುಹಿಸಬೇಕು. ನ್ಯಾಯಾಲಯದ ಆದೇಶವಿಲ್ಲದೆ ಪೊಲೀಸರು ಇವುಗಳ ತನಿಖೆ ನಡೆಸುವಂತಿಲ್ಲ. "ನನ್ನ ದೂರಿಗೆ ಎಫ್‌ಐಆರ್ ಮಾಡಲಿಲ್ಲ" ಎಂಬ ಆಕ್ಷೇಪಗಳಲ್ಲಿ ಕೆಲವು ಹುಟ್ಟುವುದು ಈ ವ್ಯತ್ಯಾಸ ತಿಳಿಯದೆ.

ಹೊಸ ಕಾನೂನಿನಲ್ಲಿ ಬಹಳ ಜನ ಗಮನಿಸದ ಒಂದು ಅಂಶವಿದೆ. ಸಾಮಾನ್ಯ ಕಳ್ಳತನದಲ್ಲಿ ಕಳೆದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದರೆ ಅದು ಅಸಂಜ್ಞೇಯ ಎಂದು ನಾಗರಿಕ ಸುರಕ್ಷಾ ಸಂಹಿತೆಯ ಅನುಸೂಚಿಯಲ್ಲಿ ಹೇಳಲಾಗಿದೆ. ವಾಸದ ಮನೆಯೊಳಗಿನ ಕಳ್ಳತನಕ್ಕೆ ಬೇರೆಯೇ ಕಲಂ ಇದೆ. ಆದ್ದರಿಂದ ಮಾರುಕಟ್ಟೆಯಲ್ಲಿ ಕಳೆದ ಮೊಬೈಲಿಗೋ ಅಂಗಳದಲ್ಲಿ ನಿಲ್ಲಿಸಿದ್ದ ಸೈಕಲ್ಲಿಗೋ ದೂರು ಬರೆಯುವಾಗ ಬೆಲೆಯನ್ನು ಅಂದಾಜಿನಲ್ಲಿ ಬರೆಯದೆ ರಸೀದಿ ನೋಡಿ ಬರೆಯಬೇಕು. ಹೆಚ್ಚಿಸಿ ಬರೆಯುವುದೂ ತಪ್ಪು, ಸಂಕೋಚದಿಂದ ಇಳಿಸಿ ಬರೆಯುವುದೂ ನಷ್ಟ.

ಠಾಣೆಯ ಬಾಗಿಲಿಗೆ ಬಂದು ವ್ಯರ್ಥವಾಗಿ ಅಲೆಯುವ ವಿಷಯಗಳೆಂದರೆ ಸಾಲ, ಬಾಡಿಗೆ ಬಾಕಿ, ಜಮೀನಿನ ಬದು ಮತ್ತು ಚೆಕ್ ಬೌನ್ಸ್. ಬದುವಿನ ತಕರಾರಿಗೆ ಮೊದಲು ಹದ್ದುಬಸ್ತಿಗೆ ಅರ್ಜಿ ಹಾಕಿ ಸರ್ವೆ ಮಾಡಿಸಬೇಕು, ಹಕ್ಕಿನ ಪ್ರಶ್ನೆಯಿದ್ದರೆ ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕು. ಬದುವಿನ ಜಗಳದಲ್ಲಿ ಕೈಮಾಡಿದ್ದರೆ ಅಥವಾ ಬೇಲಿ ಕಿತ್ತಿದ್ದರೆ ಆ ಭಾಗವಷ್ಟೇ ಪೊಲೀಸರ ವ್ಯಾಪ್ತಿಗೆ ಬರುತ್ತದೆ. ಚೆಕ್ ಬೌನ್ಸ್ ಆದರೆ ಬ್ಯಾಂಕಿನಿಂದ ಮಾಹಿತಿ ಬಂದ 30 ದಿನಗಳೊಳಗೆ ನೋಟಿಸ್ ಕೊಡಬೇಕು, ನೋಟಿಸ್ ತಲುಪಿ 15 ದಿನ ಕಳೆದರೂ ಹಣ ಬಾರದಿದ್ದರೆ ಒಂದು ತಿಂಗಳೊಳಗೆ ನ್ಯಾಯಾಲಯದಲ್ಲಿ ದೂರು ಹೂಡಬೇಕು. ಠಾಣೆಯಲ್ಲಿ ರಾಜಿ ಪಂಚಾಯಿತಿ ಆಗುತ್ತದೆಂದು ಕಾಯುತ್ತಾ ಈ ಗಡುವನ್ನು ಕಳೆದುಕೊಂಡವರ ಸಂಕಟ ನಿಜಕ್ಕೂ ದೊಡ್ಡದು, ಏಕೆಂದರೆ ಕೈತಪ್ಪಿದ ದಿನಗಳನ್ನು ಪೊಲೀಸರು ತಂದುಕೊಡಲಾರರು.

ಹಂತ 3: ಯಾವ ಠಾಣೆ ಎಂಬುದನ್ನು ನಿಶ್ಚಯಿಸಿ

ಸಾಗರ, ಗಂಗಾವತಿಯಂತಹ ಊರುಗಳಲ್ಲಿ ಪಟ್ಟಣ ಠಾಣೆ ಮತ್ತು ಗ್ರಾಮಾಂತರ ಠಾಣೆ ಎರಡೂ ಇವೆ. ವ್ಯಾಪ್ತಿ ನಿಶ್ಚಯವಾಗುವುದು ಘಟನೆ ನಡೆದ ಸ್ಥಳದಿಂದ, ದೂರುದಾರರ ಮನೆಯ ವಿಳಾಸದಿಂದಲ್ಲ. ಆನ್‌ಲೈನ್ ವಂಚನೆಗಳ ತನಿಖೆಗೆ ಜಿಲ್ಲಾ ಕೇಂದ್ರದಲ್ಲಿ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕ ದ್ರವ್ಯ ಅಪರಾಧಗಳ) ಠಾಣೆ ಇರುತ್ತದೆ.

ವ್ಯಾಪ್ತಿ ತಪ್ಪಿತೆಂಬ ಕಾರಣಕ್ಕೆ ದೂರನ್ನು ತಿರಸ್ಕರಿಸುವಂತಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಸಂಜ್ಞೇಯ ಅಪರಾಧದ ಮಾಹಿತಿಯನ್ನು ಅದು ಎಲ್ಲಿಯೇ ನಡೆದಿರಲಿ ಯಾವುದೇ ಠಾಣೆಯಲ್ಲಿ ಕೊಡಬಹುದು. ಆ ಠಾಣೆ ಶೂನ್ಯ ಸಂಖ್ಯೆಯ ಎಫ್‌ಐಆರ್ ದಾಖಲಿಸಿ ಸಂಬಂಧಪಟ್ಟ ಠಾಣೆಗೆ ವರ್ಗಾಯಿಸುತ್ತದೆ. ಬಸ್ಸಿನಲ್ಲಿ ಕಳ್ಳತನವಾಗಿ ಎಲ್ಲಿ ಆಯಿತೆಂದೇ ತಿಳಿಯದವರಿಗೆ ಇದು ದೊಡ್ಡ ಅನುಕೂಲ. ಆದರೂ ಸರಿಯಾದ ಠಾಣೆ ಅದೇ ಊರಿನಲ್ಲಿ ಒಂದು ಕಿಲೋಮೀಟರ್ ದೂರದಲ್ಲಿದ್ದರೆ ಅಲ್ಲಿಗೇ ಹೋಗುವುದು ಲೇಸು, ವರ್ಗಾವಣೆಯಲ್ಲಿ ಹೋಗುವ ಸಮಯ ಉಳಿಯುತ್ತದೆ.

ಹಂತ 4: ಹೊರಡುವ ಮುನ್ನ ಕುರುಹುಗಳನ್ನು ಕಾಪಾಡಿ

ಮನೆಗಳ್ಳತನವಾದ ಮನೆಯಲ್ಲಿ ಮೊದಲು ನಡೆಯುವ ತಪ್ಪೆಂದರೆ ಬೀರು ತೆರೆದು ಏನೇನು ಹೋಗಿದೆ ಎಂದು ಎಲ್ಲರೂ ಸೇರಿ ಹುಡುಕುವುದು. ಬೆರಳಚ್ಚು ತಜ್ಞರು ಮತ್ತು ಶ್ವಾನದಳ ಸಾಮಾನ್ಯವಾಗಿ ಜಿಲ್ಲಾ ಕೇಂದ್ರದಿಂದ ಬರಬೇಕಾಗಿರುವುದರಿಂದ ಸಣ್ಣ ಊರುಗಳಲ್ಲಿ ಕೆಲವು ಗಂಟೆಗಳು ಹಿಡಿಯುತ್ತವೆ. ಅಲ್ಲಿಯವರೆಗೆ ಆ ಕೋಣೆಯ ಬಾಗಿಲು ಎಳೆದುಕೊಂಡು ಯಾರೂ ಒಳಗೆ ಹೋಗದಂತೆ ನೋಡಿಕೊಳ್ಳಬೇಕು. ಬಾಗಿಲಿನಿಂದಲೇ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ.

ಬೀದಿಯಲ್ಲಿರುವ ಅಂಗಡಿ, ಬ್ಯಾಂಕ್, ಪೆಟ್ರೋಲ್ ಬಂಕ್‌ಗಳ ಸಿಸಿಟಿವಿ ದೃಶ್ಯಗಳು ಕೆಲವೇ ದಿನಗಳಲ್ಲಿ ತಾವಾಗಿ ಅಳಿಸಿಹೋಗುತ್ತವೆ. ಯಾವ ಅಂಗಡಿಯ ಕ್ಯಾಮೆರಾ ನಿಮ್ಮ ಬೀದಿಯ ಕಡೆಗಿದೆ ಎಂದು ಗುರುತಿಸಿ, ದೃಶ್ಯ ಉಳಿಸಿಕೊಳ್ಳುವಂತೆ ಮಾಲೀಕರನ್ನು ಕೇಳಿಕೊಂಡು, ಆ ಸ್ಥಳಗಳ ಹೆಸರನ್ನು ದೂರಿನಲ್ಲಿ ಬರೆಯಬೇಕು. ವಾಟ್ಸ್‌ಆ್ಯಪ್ ಸಂದೇಶ, ಕರೆಯ ಧ್ವನಿಮುದ್ರಣ ಇತ್ಯಾದಿಗಳಿದ್ದರೆ ಅವು ಮೂಲದಲ್ಲಿರುವ ಫೋನನ್ನು ಫಾರ್ಮ್ಯಾಟ್ ಮಾಡಬಾರದು, ಮಾರಬಾರದು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಕೇಳುವ ಪ್ರಮಾಣಪತ್ರಕ್ಕೆ ಮೂಲ ಸಾಧನ ಬೇಕಾಗುತ್ತದೆ.

ಹಲ್ಲೆ ಅಥವಾ ಅಪಘಾತದಲ್ಲಿ ಗಾಯವಾಗಿದ್ದರೆ ಠಾಣೆಗಿಂತ ಮೊದಲು ಆಸ್ಪತ್ರೆಗೆ ಹೋಗಬೇಕು. ಸರ್ಕಾರಿ ತಾಲ್ಲೂಕು ಆಸ್ಪತ್ರೆಯಲ್ಲಿ ಎಂಎಲ್‌ಸಿ (ಪೊಲೀಸ್ ಪ್ರಕರಣಕ್ಕೆ ಬೇಕಾಗುವ ಗಾಯದ ವೈದ್ಯಕೀಯ ದಾಖಲೆ) ಮಾಡಿಸಿದರೆ ಆಸ್ಪತ್ರೆಯಿಂದಲೇ ಠಾಣೆಗೆ ಮಾಹಿತಿ ಹೋಗುತ್ತದೆ. ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು: ಮರ್ಯಾದೆಗೆ ಅಂಜಿ ವೈದ್ಯರ ಮುಂದೆ "ಮೆಟ್ಟಿಲಿನಿಂದ ಬಿದ್ದೆ" ಎಂದು ಹೇಳಿ, ಮರುದಿನ ಠಾಣೆಯಲ್ಲಿ "ಹೊಡೆದರು" ಎಂದು ಬರೆದುಕೊಟ್ಟರೆ, ಆ ಎರಡು ಮಾತುಗಳ ನಡುವಿನ ವ್ಯತ್ಯಾಸವೇ ನ್ಯಾಯಾಲಯದಲ್ಲಿ ಪ್ರಕರಣವನ್ನು ಕೆಡಿಸುತ್ತದೆ. ಗಂಡನ ಮನೆಯಲ್ಲಿ ಪೆಟ್ಟು ತಿಂದ ಹೆಣ್ಣುಮಕ್ಕಳನ್ನು ಆಸ್ಪತ್ರೆಗೆ ಕರೆದೊಯ್ಯುವ ಹಿರಿಯರು ಇದನ್ನು ವಿಶೇಷವಾಗಿ ನೆನಪಿನಲ್ಲಿಡಬೇಕು. ವೈದ್ಯರಿಗೆ ನಡೆದದ್ದನ್ನೇ ಹೇಳಿ.

ಹಂತ 5: ದೂರನ್ನು ಬರೆಯಿರಿ

ಇಡೀ ಕ್ರಮದಲ್ಲಿ ಹೆಚ್ಚು ಶ್ರದ್ಧೆ ಬೇಡುವ ಹಂತ ಇದು. ತನಿಖಾಧಿಕಾರಿ ಬದಲಾಗಬಹುದು, ಸಾಕ್ಷಿಗಳ ನೆನಪು ಮಾಸಬಹುದು. ಮೊದಲ ದಿನ ಬರೆದುಕೊಟ್ಟ ದೂರು ಮಾತ್ರ ವಿಚಾರಣೆಯ ಕೊನೆಯ ದಿನದವರೆಗೂ ಹಾಗೆಯೇ ಉಳಿಯುತ್ತದೆ.

ದೂರನ್ನು ಠಾಣಾಧಿಕಾರಿಗಳ ಹೆಸರಿಗೆ, ಅಂದರೆ "ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಅವರಿಗೆ" ಎಂದೋ ಠಾಣೆಯ ಮುಖ್ಯಸ್ಥರು ಇನ್‌ಸ್ಪೆಕ್ಟರ್ ಆಗಿದ್ದರೆ ಹಾಗೆಯೋ ಬರೆಯಬೇಕು. ನಿಮ್ಮ ಪೂರ್ಣ ಹೆಸರು, ತಂದೆ ಅಥವಾ ಪತಿಯ ಹೆಸರು, ವಯಸ್ಸು, ಉದ್ಯೋಗ, ವಿಳಾಸ, ಮೊಬೈಲ್ ಸಂಖ್ಯೆ ಮೊದಲ ಭಾಗದಲ್ಲಿ ಇರಲಿ. ಎರಡನೆಯ ಭಾಗದಲ್ಲಿ ಘಟನೆ ನಡೆದ ದಿನಾಂಕ, ವಾರ, ಹೊತ್ತು, ಸ್ಥಳ. ಹೊತ್ತು ಖಚಿತವಿಲ್ಲದಿದ್ದರೆ "ರಾತ್ರಿ 10 ಗಂಟೆಯಿಂದ ಬೆಳಗಿನ 5 ಗಂಟೆಯ ನಡುವೆ" ಎಂದು ನಿಮಗೆ ತಿಳಿದಷ್ಟನ್ನೇ ಬರೆಯಿರಿ. ಆಮೇಲೆ ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳಬೇಕು. ಯಾರು ಏನು ಮಾಡಿದರು, ಏನು ಹೇಳಿದರು, ಕೈಯಲ್ಲಿ ಏನಿತ್ತು, ದೇಹದ ಯಾವ ಭಾಗಕ್ಕೆ ಪೆಟ್ಟಾಯಿತು, ಬಿಡಿಸಿದವರು ಯಾರು ಎಂಬುದೆಲ್ಲ ಇಲ್ಲಿ ಬರಬೇಕು. ಆರೋಪಿ ಅಪರಿಚಿತನಾದರೆ ಎತ್ತರ, ಬಟ್ಟೆ, ಆಡಿದ ಭಾಷೆ, ಬಂದ ವಾಹನದ ಬಣ್ಣ ಮತ್ತು ನೆನಪಿದ್ದಷ್ಟು ನೋಂದಣಿ ಸಂಖ್ಯೆಯನ್ನು ಬರೆಯಿರಿ.

ಕಳೆದ ಒಡವೆಗಳನ್ನು "ಚಿನ್ನಾಭರಣ" ಎಂದಷ್ಟೇ ಬರೆಯುವುದು ನಿಷ್ಪ್ರಯೋಜಕ. "ಎರಡೆಳೆ ಅವಲಕ್ಕಿ ಸರ, ಸುಮಾರು 24 ಗ್ರಾಂ" ಎಂಬಷ್ಟು ವಿವರವಿದ್ದರೆ ಮುಂದೆ ಗಿರವಿ ಅಂಗಡಿಯಲ್ಲಿ ಸಿಕ್ಕ ಒಡವೆ ನಿಮ್ಮದೇ ಎಂದು ಗುರುತಿಸಲು ಸಾಧ್ಯವಾಗುತ್ತದೆ. ಮದುವೆಯ ಆಲ್ಬಂನಲ್ಲಿ ಆ ಒಡವೆ ತೊಟ್ಟ ಫೋಟೊ ಇದ್ದರೆ ಅದರ ಪ್ರತಿಯನ್ನು ಲಗತ್ತಿಸಿ.

ಘಟನೆಗೂ ದೂರಿಗೂ ನಡುವೆ ದಿನಗಳು ಕಳೆದಿದ್ದರೆ ಕಾರಣವನ್ನು ಒಂದೆರಡು ವಾಕ್ಯಗಳಲ್ಲಿ ಹೇಳಲೇಬೇಕು. ಆಸ್ಪತ್ರೆಯಲ್ಲಿದ್ದುದು, ಊರ ಹಿರಿಯರು ರಾಜಿಗೆ ಕರೆದುದು, ಭಯ, ಯಾವುದೇ ಇರಲಿ, ನಿಜವಾದ ಕಾರಣವನ್ನೇ ಬರೆಯಬೇಕು. ಕೊನೆಯಲ್ಲಿ "ಸೂಕ್ತ ಕ್ರಮ ಕೈಗೊಳ್ಳಬೇಕು" ಎಂದಷ್ಟೇ ಮುಗಿಸದೆ "ಪ್ರಥಮ ವರ್ತಮಾನ ವರದಿ ದಾಖಲಿಸಿ ತನಿಖೆ ನಡೆಸಬೇಕೆಂದು ಕೋರುತ್ತೇನೆ" ಎಂದು ಸ್ಪಷ್ಟವಾಗಿ ಕೇಳಿ, ದಿನಾಂಕ ಹಾಕಿ, ಸಹಿ ಮಾಡಿ. ಎರಡು ಪ್ರತಿಗಳಿರಲಿ.

ಮತ್ತೆ ಮತ್ತೆ ಕಾಣುವ ತಪ್ಪುಗಳು ಕೆಲವಿವೆ. ಯಾರದೋ ಸಲಹೆಯಂತೆ ಕಲಂಗಳನ್ನು ಬರೆಯುವುದು ಅನಗತ್ಯ, ಅದು ಪೊಲೀಸರ ಕೆಲಸ. ಹತ್ತು ವರ್ಷಗಳ ಹಳೆಯ ವೈಷಮ್ಯವನ್ನೆಲ್ಲ ತುಂಬಿದರೆ ಇಂದಿನ ಘಟನೆ ಮೂರನೆಯ ಪುಟಕ್ಕೆ ಜಾರುತ್ತದೆ. ಸ್ಥಳದಲ್ಲಿಲ್ಲದ ಅಣ್ಣ, ಅತ್ತಿಗೆ, ಮುದುಕ ತಂದೆಯ ಹೆಸರುಗಳನ್ನೂ ಆರೋಪಿಗಳ ಸಾಲಿಗೆ ಸೇರಿಸುವುದು ಇವೆಲ್ಲಕ್ಕಿಂತ ಅಪಾಯಕಾರಿ. ಅವರು ಅಂದು ಬೇರೆ ಊರಿನಲ್ಲಿದ್ದರೆಂದು ಸಾಬೀತಾದರೆ ನಿಜವಾದ ಆರೋಪಿಯ ವಿರುದ್ಧದ ಮಾತೂ ನಂಬಿಕೆ ಕಳೆದುಕೊಳ್ಳುತ್ತದೆ. ಅಲ್ಲದೆ ಸುಳ್ಳೆಂದು ತಿಳಿದೂ ಮಾಹಿತಿ ಕೊಡುವುದು ನ್ಯಾಯ ಸಂಹಿತೆಯ 217ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಶಿಕ್ಷೆಯಾಗಬಹುದಾದ ಅಪರಾಧ.

ಬರೆಯಲು ಬಾರದವರು ಹೊರಗಿನ ಬರಹಗಾರರಿಗೆ ಹಣ ಕೊಡಬೇಕಾಗಿಲ್ಲ. ಬಾಯಿಮಾತಿನಲ್ಲಿ ಹೇಳಿದ ದೂರನ್ನು ಠಾಣಾಧಿಕಾರಿ ಬರೆದುಕೊಂಡು, ಓದಿ ಹೇಳಿ, ಸಹಿ ಅಥವಾ ಹೆಬ್ಬೆರಳ ಗುರುತು ಪಡೆಯಬೇಕೆಂಬುದು ಕಾನೂನು. ಲೈಂಗಿಕ ಅಪರಾಧಗಳಲ್ಲಿ ನೊಂದ ಮಹಿಳೆಯ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ದಾಖಲಿಸಬೇಕು. ಇ-ಮೇಲ್‌ನಂತಹ ವಿದ್ಯುನ್ಮಾನ ಮಾರ್ಗದಲ್ಲಿ ದೂರು ಕಳುಹಿಸಿದವರು 3 ದಿನಗಳೊಳಗೆ ಠಾಣೆಗೆ ಹೋಗಿ ಸಹಿ ಹಾಕಬೇಕು, ಹಾಕದಿದ್ದರೆ ಅದು ಎಫ್‌ಐಆರ್ ಆಗಿ ದಾಖಲಾಗುವುದಿಲ್ಲ.

ಹಂತ 6: ಕೈಯಲ್ಲಿ ಕಾಗದ ಹಿಡಿದೇ ಹೊರಬನ್ನಿ

ಠಾಣೆಯಲ್ಲಿ ದೂರನ್ನು ಮೊದಲು ಎದುರಾದವರ ಕೈಗೆ ಕೊಟ್ಟು ಬರಬಾರದು. ಠಾಣಾಧಿಕಾರಿ ಇದ್ದರೆ ಅವರಿಗೆ, ಇಲ್ಲದಿದ್ದರೆ ಆ ಹೊತ್ತಿನ ಪ್ರಭಾರದಲ್ಲಿರುವ ಎಎಸ್‌ಐ ಅಥವಾ ಹೆಡ್ ಕಾನ್‌ಸ್ಟೆಬಲ್ ಅವರಿಗೆ ಕೊಡಬೇಕು. "ಸಾಹೇಬರು ಬಂದೋಬಸ್ತ್‌ಗೆ ಹೋಗಿದ್ದಾರೆ, ನಾಳೆ ಬನ್ನಿ" ಎಂಬುದು ಜಾತ್ರೆ, ಚುನಾವಣೆಯ ದಿನಗಳಲ್ಲಿ ನಿಜವೇ ಆಗಿರಬಹುದು. ಆದರೂ ಠಾಣೆ ಎಂದೂ ಪ್ರಭಾರವಿಲ್ಲದೆ ಇರುವುದಿಲ್ಲ.

ದೂರು ಕೊಟ್ಟ ಮೇಲೆ ಮೂರರಲ್ಲಿ ಒಂದು ಕಾಗದ ನಿಮ್ಮ ಕೈಗೆ ಬರಬೇಕು. ಎಫ್‌ಐಆರ್ ಆದರೆ ಅದರ ಪ್ರತಿ ಉಚಿತವಾಗಿ ಬರಬೇಕು. ಅಸಂಜ್ಞೇಯವಾದರೆ ಎನ್‌ಸಿಆರ್ ಸಂಖ್ಯೆಯಿರುವ ಹಿಂಬರಹ ಬರಬೇಕು. ವಿಚಾರಣೆಗೆ ಇಟ್ಟುಕೊಂಡರೆ ಅರ್ಜಿ ಸಂಖ್ಯೆ, ದಿನಾಂಕ, ಠಾಣೆಯ ಮುದ್ರೆಯಿರುವ ಸ್ವೀಕೃತಿ ಬರಬೇಕು. ಏನೂ ಕೊಡದಿದ್ದರೆ ಕನಿಷ್ಠ ನಿಮ್ಮ ಎರಡನೆಯ ಪ್ರತಿಯ ಮೇಲೆ ಸಹಿ ಮತ್ತು ಮುದ್ರೆ ಹಾಕಿಸಿಕೊಳ್ಳಿ.

ಎಫ್‌ಐಆರ್‌ಗೆ ಸಹಿ ಮಾಡುವ ಮುನ್ನ ದಿನಾಂಕ, ಸ್ಥಳ, ಆರೋಪಿಗಳ ಹೆಸರು ಮತ್ತು ಕಳೆದ ವಸ್ತುಗಳ ಪಟ್ಟಿಯನ್ನು ನಿಮ್ಮ ದೂರಿನೊಂದಿಗೆ ಹೋಲಿಸಿ ನೋಡಿ. ಟೈಪ್ ಮಾಡುವಾಗ "ಕಳ್ಳತನವಾಗಿದೆ" ಎಂಬುದು "ಕಳೆದುಹೋಗಿದೆ" ಎಂದು ಬದಲಾಗಿದ್ದರೆ ಅಲ್ಲಿಯೇ ಸರಿಪಡಿಸಿಕೊಳ್ಳಬೇಕು, ಏಕೆಂದರೆ ಈ ಒಂದು ಮಾತಿನ ಮೇಲೆ ತನಿಖೆ ನಡೆಯುತ್ತದೆಯೋ ಇಲ್ಲವೋ ಎಂಬುದು ನಿಂತಿದೆ, ವಿಮೆಯೂ ನಿಂತಿದೆ. ಖಾಲಿ ಹಾಳೆಗೆ ಯಾವ ಕಾರಣಕ್ಕೂ ಸಹಿ ಮಾಡಬಾರದು.

ಹಂತ 7: ದೂರು ಸ್ವೀಕರಿಸದಿದ್ದರೆ

ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯವೆಂದು ಸುಪ್ರೀಂ ಕೋರ್ಟ್ ಲಲಿತಾ ಕುಮಾರಿ ಪ್ರಕರಣದಲ್ಲಿ 2013ರ ನವೆಂಬರ್ 12ರಂದು ತೀರ್ಪು ಕೊಟ್ಟಿದೆ. ಹೊಸ ಸಂಹಿತೆಯಲ್ಲಿ ಒಂದು ಅವಕಾಶ ಸೇರಿಕೊಂಡಿದೆ: 3 ವರ್ಷ ಅಥವಾ ಅದಕ್ಕಿಂತ ಹೆಚ್ಚು, ಆದರೆ 7 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿಯವರ ಪೂರ್ವಾನುಮತಿ ಪಡೆದು 14 ದಿನಗಳೊಳಗೆ ಪ್ರಾಥಮಿಕ ವಿಚಾರಣೆ ನಡೆಸಬಹುದು. ಆದ್ದರಿಂದ "ವಿಚಾರಣೆ ನಡೆಯುತ್ತಿದೆ" ಎಂಬ ಉತ್ತರ ಬಂದರೆ ಅನುಮತಿ ಪಡೆಯಲಾಗಿದೆಯೇ, ಯಾವ ದಿನ ಆರಂಭವಾಯಿತು ಎಂದು ವಿನಯದಿಂದಲೇ ಕೇಳಿ ಬರೆದಿಟ್ಟುಕೊಳ್ಳಿ.

ಠಾಣೆ ನಿರಾಕರಿಸಿದರೆ ದೂರಿನ ಸಾರಾಂಶವನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಅಂಚೆಯಲ್ಲಿ ಕಳುಹಿಸಬೇಕು. ಅಂಚೆಯ ರಸೀದಿ ಮತ್ತು ತಲುಪಿದ ದಾಖಲೆ ಎರಡನ್ನೂ ಕಾಪಾಡಿಕೊಳ್ಳಬೇಕು. ಅದರಿಂದಲೂ ಫಲ ಸಿಗದಿದ್ದರೆ ಅಫಿಡವಿಟ್ಟಿನೊಂದಿಗೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ನಾಗರಿಕ ಸುರಕ್ಷಾ ಸಂಹಿತೆಯ 175ನೇ ಕಲಂ ಅಡಿಯಲ್ಲಿ ಅರ್ಜಿ ಹಾಕಬಹುದು. ಇಲ್ಲಿ ಅನುಕ್ರಮ ತಪ್ಪಬಾರದು. ವರಿಷ್ಠಾಧಿಕಾರಿಗಳಿಗೆ ಬರೆಯದೆ ನೇರವಾಗಿ ನ್ಯಾಯಾಲಯಕ್ಕೆ ಹೋದ ಅರ್ಜಿ ಆ ಒಂದೇ ಕಾರಣಕ್ಕೆ ಬಿದ್ದುಹೋಗಬಹುದು. ಮುಖ್ಯಮಂತ್ರಿಗಳಿಗೂ ಮಾನವ ಹಕ್ಕುಗಳ ಆಯೋಗಕ್ಕೂ ಒಂದೇ ದಿನ ಹತ್ತು ಪ್ರತಿ ಕಳುಹಿಸುವವರು ಕಾನೂನು ಹೇಳಿದ ಈ ಒಂದು ಪ್ರತಿಯನ್ನು ಮರೆಯುತ್ತಾರೆ.

ವಕೀಲರಿಗೆ ಕೊಡಲು ಹಣವಿಲ್ಲದವರು ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಬೇಕು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ಹಂತ 8: ಎಫ್‌ಐಆರ್ ಆದ ನಂತರ

ಪೊಲೀಸರು ಸ್ಥಳಕ್ಕೆ ಬಂದು ಪಂಚರ (ಸ್ಥಳದ ಸಾಕ್ಷಿಗಳ) ಸಮಕ್ಷಮದಲ್ಲಿ ಮಹಜರು, ಅಂದರೆ ಸ್ಥಳ ಪರಿಶೀಲನೆಯ ದಾಖಲೆ, ಮಾಡುತ್ತಾರೆ. ಬಿಡುವಿದೆಯೆಂದು ಪಕ್ಕದಲ್ಲಿ ನಿಂತ ಯಾರನ್ನೋ ಪಂಚರಾಗಿಸುವ ಬದಲು, ವರ್ಷಗಳ ನಂತರವೂ ನ್ಯಾಯಾಲಯಕ್ಕೆ ಬಂದು ಕಂಡದ್ದನ್ನು ಹೇಳಬಲ್ಲ ಊರಿನವರನ್ನು ಸೂಚಿಸುವುದು ಒಳಿತು. ಸಾಕ್ಷಿಗಳ ಹೇಳಿಕೆಯನ್ನು 180ನೇ ಕಲಂ ಪ್ರಕಾರ ದಾಖಲಿಸುತ್ತಾರೆ. ಆ ಹೇಳಿಕೆಗೆ ಸಾಕ್ಷಿಯ ಸಹಿ ಪಡೆಯುವಂತಿಲ್ಲ. ಹೆಂಗಸರು, 15 ವರ್ಷದೊಳಗಿನವರು, 60 ವರ್ಷ ದಾಟಿದವರು, ಅಂಗವಿಕಲರು ಮತ್ತು ತೀವ್ರ ಅನಾರೋಗ್ಯವಿರುವವರನ್ನು ಸಾಕ್ಷಿ ಹೇಳಿಕೆಗಾಗಿ ಠಾಣೆಗೆ ಬರಲೇಬೇಕೆಂದು ಒತ್ತಾಯಿಸುವಂತಿಲ್ಲ, ಅವರ ಮನೆಗೇ ಹೋಗಿ ಹೇಳಿಕೆ ಪಡೆಯಬೇಕು.

ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ದೂರುದಾರರಿಗೆ ತಿಳಿಸಬೇಕೆಂದು 193ನೇ ಕಲಂ ಹೇಳುತ್ತದೆ. ಆ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು, ಮಾಹಿತಿ ಬಾರದಿದ್ದರೆ ಅಪರಾಧ ಸಂಖ್ಯೆ ನಮೂದಿಸಿ ಲಿಖಿತವಾಗಿ ಕೇಳಬೇಕು. ವಾರಕ್ಕೊಮ್ಮೆ ಠಾಣೆಗೆ ಹೋಗಿ ಬಾಯಿಮಾತಿನಲ್ಲಿ ವಿಚಾರಿಸುವುದಕ್ಕಿಂತ ಇದು ಹೆಚ್ಚು ಕೆಲಸ ಮಾಡುತ್ತದೆ.

ತನಿಖೆ ಮುಗಿದಾಗ ಆರೋಪಪಟ್ಟಿ ಸಲ್ಲಿಕೆಯಾಗಬಹುದು, ಸುಳ್ಳು ಅಥವಾ ಸಾಕ್ಷ್ಯವಿಲ್ಲವೆಂದು ಬಿ ರಿಪೋರ್ಟ್ ಹೋಗಬಹುದು, ಪತ್ತೆಯಾಗಲಿಲ್ಲವೆಂದು ಸಿ ರಿಪೋರ್ಟ್ ಹೋಗಬಹುದು. ಬಿ ರಿಪೋರ್ಟ್ ಬಗ್ಗೆ ನ್ಯಾಯಾಲಯದಿಂದ ನೋಟಿಸ್ ಬಂದರೆ ಆ ದಿನ ಹಾಜರಾಗಿ ತಕರಾರು ಅರ್ಜಿ ಸಲ್ಲಿಸುವ ಹಕ್ಕು ನಿಮಗಿದೆ. ವಿಳಾಸ ಬದಲಿಸಿದವರು ಠಾಣೆಗೆ ತಿಳಿಸದೆ ಈ ನೋಟಿಸನ್ನೇ ಕಳೆದುಕೊಳ್ಳುತ್ತಾರೆ.

ಕ್ರಮ ಬದಲಾಗುವ ಎರಡು ಸಂದರ್ಭಗಳು

ಮೊಬೈಲ್ ಕಳೆದಾಗ: ಮೊದಲು ಅದೇ ಸಂಖ್ಯೆಗೆ ಬದಲಿ ಸಿಮ್ ಪಡೆಯಬೇಕು, ಏಕೆಂದರೆ ಮುಂದಿನ ಹೆಜ್ಜೆಗೆ ಬೇಕಾದ ಒಟಿಪಿ ಅದಕ್ಕೇ ಬರುತ್ತದೆ. ಕಳೆದುಹೋಗಿದ್ದರೆ ಕರ್ನಾಟಕ ರಾಜ್ಯ ಪೊಲೀಸ್ ಇಲಾಖೆಯ ಇ-ಲಾಸ್ಟ್ ಸೇವೆಯಲ್ಲಿ ವರದಿ ದಾಖಲಿಸಬಹುದು, ಕದ್ದಿದ್ದರೆ ಠಾಣೆಯಲ್ಲಿ ದೂರು ಕೊಡಬೇಕು. ಆಮೇಲೆ ಕಳೆದ ಫೋನುಗಳನ್ನು ನಿರ್ಬಂಧಿಸುವ ಕೇಂದ್ರ ಸರ್ಕಾರದ ಸಿಇಐಆರ್ ಜಾಲತಾಣದಲ್ಲಿ ದೂರಿನ ಪ್ರತಿ, ಗುರುತಿನ ಚೀಟಿ ಮತ್ತು 15 ಅಂಕಿಯ ಐಎಂಇಐ ಸಂಖ್ಯೆ ಕೊಟ್ಟು ಫೋನನ್ನು ನಿರ್ಬಂಧಿಸಬೇಕು. ಎರಡು ಸಿಮ್‌ನ ಫೋನಿಗೆ ಎರಡು ಐಎಂಇಐ ಇರುತ್ತವೆ, ಎರಡನ್ನೂ ನಮೂದಿಸಿ. ಫೋನ್ ಇನ್ನೂ ಕೈಯಲ್ಲಿರುವವರು ಇಂದೇ *#06# ಒತ್ತಿ ಆ ಸಂಖ್ಯೆಗಳನ್ನು ಬೇರೆಡೆ ಬರೆದಿಡಬೇಕು. ಫೋನ್ ಸಿಕ್ಕಮೇಲೆ ನಿರ್ಬಂಧ ತೆಗೆಸಲು, ನಿರ್ಬಂಧಿಸುವಾಗ ಬಂದ ಕೋರಿಕೆ ಸಂಖ್ಯೆ ಬೇಕಾಗುತ್ತದೆ, ಅದನ್ನು ಅಳಿಸಬೇಡಿ.

ಆನ್‌ಲೈನ್‌ನಲ್ಲಿ ಹಣ ಹೋದಾಗ: ಮರುದಿನ ಬ್ಯಾಂಕ್ ತೆರೆಯಲೆಂದು ಕಾಯುವುದೇ ಮುಖ್ಯ ತಪ್ಪು. ಹಣ ಖಾತೆಯಿಂದ ಖಾತೆಗೆ ಹಾರುವುದು ನಿಮಿಷಗಳಲ್ಲಿ. ಕೂಡಲೇ 1930ಕ್ಕೆ ಕರೆ ಮಾಡಿ ಬ್ಯಾಂಕಿನ ಹೆಸರು, ಮೊತ್ತ, ಸಮಯ ಮತ್ತು ವ್ಯವಹಾರದ ಉಲ್ಲೇಖ ಸಂಖ್ಯೆಯನ್ನು ಹೇಳಿ, ಕೊಡುವ ಸ್ವೀಕೃತಿ ಸಂಖ್ಯೆಯನ್ನು ಬರೆದುಕೊಳ್ಳಿ. ವಂಚಕರು ಕಳುಹಿಸಿದ ಎಪಿಕೆ ಕಡತ (ಫೋನಿನಲ್ಲಿ ಆ್ಯಪ್ ಅಳವಡಿಸುವ ಕಡತ) ತೆರೆದಿದ್ದರೆ ಆ ಫೋನಿನ ಇಂಟರ್ನೆಟ್ ನಿಲ್ಲಿಸಿ ಬೇರೆ ಫೋನಿನಿಂದ ಕರೆ ಮಾಡಬೇಕು. ನಂತರ ಬ್ಯಾಂಕಿನ ಸಹಾಯವಾಣಿಗೆ ತಿಳಿಸಿ, ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿ ವಿವರ ಪೂರ್ಣಗೊಳಿಸಿ, ಖಾತೆಯ ಹೇಳಿಕೆಯೊಂದಿಗೆ ಠಾಣೆಗೆ ಹೋಗಬೇಕು. ತಡೆಹಿಡಿದ ಹಣ ತಾನಾಗಿ ಮರಳುವುದಿಲ್ಲ, ಅದಕ್ಕೆ ನ್ಯಾಯಾಲಯದ ಆದೇಶ ಬೇಕಾಗಬಹುದು. ಎಫ್‌ಐಆರ್ ಪ್ರತಿ ಆಗಲೂ ಬೇಕು.

ಪಾಸ್‌ಪೋರ್ಟ್ ಪರಿಶೀಲನೆ, ರಾತ್ರಿಯ ಧ್ವನಿವರ್ಧಕ, ಬೀಗ ಹಾಕಿದ ಮನೆ

ಪಾಸ್‌ಪೋರ್ಟ್ ಪರಿಶೀಲನೆಗೆ ಪೊಲೀಸರಿಗೆ ಯಾವ ಶುಲ್ಕವೂ ಇಲ್ಲ. ಅರ್ಜಿಯಲ್ಲಿ ಈಗ ವಾಸವಿರುವ ವಿಳಾಸವನ್ನೇ ಕೊಡಿ, ಊರಿನ ಮನೆಯ ವಿಳಾಸ ಕೊಟ್ಟು ಬೆಂಗಳೂರಿನಲ್ಲಿ ಇರುವವರ ಅರ್ಜಿಗಳು ಅಲ್ಲಿಯೇ ನಿಲ್ಲುತ್ತವೆ. ನ್ಯಾಯಾಲಯದಲ್ಲಿ ಪ್ರಕರಣ ಬಾಕಿಯಿದ್ದರೆ ಮುಚ್ಚಿಡದೆ ನ್ಯಾಯಾಲಯದ ಅನುಮತಿ ಪಡೆದು ಸಲ್ಲಿಸಬೇಕು. ಉದ್ಯೋಗಕ್ಕೆ ಬೇಕಾದ ಪರಿಶೀಲನಾ ಪತ್ರ ಬೇರೆ, ಅದಕ್ಕೆ ಸೇವಾ ಸಿಂಧು ಮೂಲಕ ಅರ್ಜಿ ಹಾಕಬೇಕು.

ಧ್ವನಿವರ್ಧಕಗಳಿಗೆ ರಾತ್ರಿ 10ರಿಂದ ಬೆಳಗಿನ 6ರವರೆಗೆ ನಿರ್ಬಂಧವಿದೆ. ಶಬ್ದ ಕೇಳುತ್ತಿರುವಾಗಲೇ 112ಕ್ಕೆ ಹೇಳಿ. ಕೆಲವು ದಿನ ಮನೆಗೆ ಬೀಗ ಹಾಕಿ ಹೋಗುವವರು ಬೀಟ್ ಸಿಬ್ಬಂದಿಗೆ ತಿಳಿಸಿದರೆ ರಾತ್ರಿ ಗಸ್ತಿನಲ್ಲಿ ಆ ಬೀದಿಯತ್ತ ನೋಡುತ್ತಾರೆ.

ಎಚ್ಚರಿಕೆಯ ಲಕ್ಷಣಗಳು

ಎಫ್‌ಐಆರ್ ದಾಖಲಿಸಲು ಯಾರಾದರೂ ಹಣ ಕೇಳಿದರೆ ಅದು ಲಂಚ, ಅದರ ದೂರು ಲೋಕಾಯುಕ್ತಕ್ಕೆ ಸಲ್ಲುತ್ತದೆ. ಠಾಣೆಯ ಹೊರಗಿನ ಚಹಾ ಅಂಗಡಿಯಲ್ಲಿ ನಿಂತು "ಸಾಹೇಬರಿಗೆ ಹೇಳಿ ಮಾಡಿಸುತ್ತೇನೆ" ಎನ್ನುವ ಮಧ್ಯವರ್ತಿಯಿಂದ ದೂರವಿರಿ. ರಾಜಿಯ ಮುಚ್ಚಳಿಕೆಗೆ ಸಹಿ ಮಾಡುವಂತೆ ಅವಸರ ಮಾಡಿದರೆ ಓದಲು ಸಮಯ ಕೇಳಿ, ಪ್ರತಿ ಪಡೆಯದೆ ಸಹಿ ಮಾಡಬೇಡಿ.

ವಿಡಿಯೊ ಕರೆಯಲ್ಲಿ ಖಾಕಿ ತೊಟ್ಟವರು "ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಕೋಣೆ ಬಿಟ್ಟು ಹೋಗಬೇಡಿ" ಎಂದರೆ ಅದು ವಂಚನೆ. ಅಂತಹ ಬಂಧನ ನಮ್ಮ ಕಾನೂನಿನಲ್ಲಿಯೇ ಇಲ್ಲ. ಕರೆ ಕಡಿದು 1930ಕ್ಕೆ ತಿಳಿಸಿ.

ನಿಮ್ಮ ಮೇಲೆಯೇ ದೂರು ಬಂದು ಠಾಣೆಯಿಂದ ಕರೆ ಬಂದರೆ ಲಿಖಿತ ನೋಟಿಸ್ ಕೇಳಬಹುದು. ನಾಗರಿಕ ಸುರಕ್ಷಾ ಸಂಹಿತೆಯ 35ನೇ ಕಲಂ ಅಡಿಯ, ಹಾಜರಾಗುವಂತೆ ಹೇಳುವ ನೋಟಿಸ್ ಬಂದರೆ ಹೇಳಿದ ದಿನ ತಪ್ಪದೆ ಹೋಗಿ, ಹಾಜರಾದ ಬಗ್ಗೆ ದಾಖಲೆ ಪಡೆಯಬೇಕು. ಹೀಗೆ ಸಹಕರಿಸುವವರನ್ನು ಕಾರಣ ಬರೆಯದೆ ಬಂಧಿಸುವಂತಿಲ್ಲ. ಬಂಧಿಸಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಸೂರ್ಯಾಸ್ತದ ನಂತರ ಮತ್ತು ಸೂರ್ಯೋದಯಕ್ಕೆ ಮುನ್ನ ಮಹಿಳೆಯನ್ನು ಬಂಧಿಸಬೇಕಾದ ಅಸಾಧಾರಣ ಸಂದರ್ಭ ಬಂದರೆ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಬೇಕು, ಮಹಿಳಾ ಅಧಿಕಾರಿಯೂ ಇರಬೇಕು. ಇದನ್ನು ಮೀರುತ್ತಿರುವುದು ಕಂಡರೆ ಮನೆಯವರು ಬಂಧನದ ಹೊತ್ತು, ಬಂದ ಸಿಬ್ಬಂದಿಯ ಹೆಸರು ಮತ್ತು ಪದನಾಮ, ವಾಹನದ ಸಂಖ್ಯೆಯನ್ನು ಕೂಡಲೇ ಬರೆದಿಟ್ಟುಕೊಂಡು 15100ಕ್ಕೆ ಕರೆ ಮಾಡಬೇಕು.